ಎಚ್‌ಐವಿ ಎಂದು ಬರೆದದ್ದಕ್ಕೆ

ನಮ್ಮ ಪಟ್ಟಣದ ಮಾನ್ಯ ಮೇಯರ್ ಅವರೇ,

ಮಾರ್ಲನ್ ಪ್ರೂಯಿಟ್‌ನ ಅಂತ್ಯಕ್ರಿಯೆಗೆ ತಮ್ಮ ಕಚೇರಿ ಕಳುಹಿಸಿದ ಬಿಳಿ ಹೂಗಳು ತಲುಪಿದವು. ಅವನು ಬದುಕಿದ್ದಾಗ ಅವನಿಗಾಗಿ ಜನರ ಮುಂದೆ ಕೈಯೊಡ್ಡಲು ತಾವು ಬಿಡಲಿಲ್ಲ. ಸತ್ತ ಮೇಲೆ ಹೂವು ಕೊಟ್ಟಿರಿ. ಈ ಔದಾರ್ಯ ಊರಿಗೆಲ್ಲ ತಿಳಿಯಲೆಂದೇ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಶಾಲಾ ಬಸ್ ಓಡಿಸಿ ನಿವೃತ್ತಳಾದವಳು. ಆಮೇಲೆ ಚರ್ಚಿನ ಹಳೆಯ ವ್ಯಾನಿನಲ್ಲಿ ಎಚ್‌ಐವಿ ಇರುವವರನ್ನು ಜಾಕ್ಸನ್ ನಗರದ ಕ್ಲಿನಿಕ್ಕಿಗೆ ಕರೆದೊಯ್ದು ತರುತ್ತಿದ್ದೆ. ನದಿಬಯಲಿನ ಈ ಡೆಲ್ಟಾ ಸೀಮೆಯಿಂದ ಅಲ್ಲಿಗೆ ಬೇರೆ ಬಸ್ಸಿಲ್ಲವೆಂಬುದು ತಮಗೆ ಗೊತ್ತು. ಮಾರ್ಲನ್ ಯಾವಾಗಲೂ ನನ್ನ ಪಕ್ಕದ ಸೀಟಿನಲ್ಲೇ. ಮೀನಿನ ಕಾರ್ಖಾನೆಯಲ್ಲಿ ಕೆಲಸ; ಭಾನುವಾರ ಚರ್ಚಿನಲ್ಲಿ ಹಾಡು. "ಮಿಸ್ ರೋಸೆಟ್ಟಾ, ಈಗೊಂದು ಟ್ರ್ಯಾಕ್ಟರ್ ನಮ್ಮನ್ನ ದಾಟ್ಕೊಂಡು ಹೋಯ್ತು, ನೋಡಿದ್ರಾ?" ಎಂದು ಕಿಚಾಯಿಸುತ್ತಿದ್ದ. ಮಾತ್ರೆ ತಪ್ಪಿಸುತ್ತಿರಲಿಲ್ಲ, ಮೈ ತುಂಬಿಕೊಂಡಿದ್ದ. ಅವನು ಸಾಯಬೇಕಾದ ರೋಗಿಯಾಗಿರಲಿಲ್ಲ.

ಬೇಸಿಗೆಯಲ್ಲಿ ವ್ಯಾನಿನ ಗೇರ್‌ಬಾಕ್ಸ್ ಹೋಯಿತು. ರಿಪೇರಿಗಾಗಿ ಕೋರ್ಟಿನ ಮುಂದಿನ ಚೌಕದಲ್ಲಿ ಕರಿದ ಮೀನಿನ ಊಟ ಮಾರಲು ಅನುಮತಿ ಕೇಳಿದೆವು. ಹೃದ್ರೋಗಿಗಳಿಗೆ, ಹೈಸ್ಕೂಲಿನ ಬ್ಯಾಂಡಿಗೆ, ಕೊನೆಗೆ ಬೀದಿನಾಯಿಗಳಿಗೂ ಅಲ್ಲಿ ದೇಣಿಗೆ ಎತ್ತಿಲ್ಲವೇ? ಎಚ್‌ಐವಿ ಎಂದು ಬರೆದ ನಮ್ಮ ಫಲಕ ಕಂಡಾಗ ಮಾತ್ರ ತಮ್ಮ ಮುಖ ಬೇರೆಯಾಯಿತು. "ಬರೀ ರೋಗಿಗಳಿಗಾಗಿ ಅಂತ ಬರೀರಿ. ಬೇಕಾದ್ರೆ ಕ್ಯಾನ್ಸರ್ ಅನ್ನಿ. ಆ ಪದ ಇದ್ರೆ ಮಕ್ಕಳನ್ನ ಕರ್ಕೊಂಡು ಊಟಕ್ಕೆ ಬರೋರು ಯಾರು?" ಎಂದಿರಿ.

ಮಾರ್ಲನ್‌ನ ತಾಯಿ ಅರ್ನೆಸ್ಟೀನ್ ನನ್ನ ಪಕ್ಕದಲ್ಲಿದ್ದಳು. ಸ್ವಂತ ತಂಗಿಗೂ ಮಗನಿಗಿರುವುದು ಸಕ್ಕರೆ ಕಾಯಿಲೆ ಎಂದೇ ಹೇಳಿಕೊಂಡು ಬಂದವಳು, ಆ ಫಲಕವನ್ನು ಕೈಯಾರೆ ಬರೆದಿದ್ದಳು. "ಸುಳ್ಳು ಹೇಳಿ ಹೇಳಿ ಸಾಕಾಗಿದೆ, ಮೇಯರ್ ಸಾಹೇಬ್ರೇ. ನನ್ನ ಮಗ ಮಾನಗೆಟ್ಟೋನಲ್ಲ, ಕಾಯಿಲೆ ಬಂದೋನು" ಎಂದಳು. ತಾವು ಗಡಿಯಾರ ನೋಡಿದಿರಿ. ಅನುಮತಿ ಬರಲಿಲ್ಲ. ಅರ್ನೆಸ್ಟೀನ್ ಮತ್ತೆ ಸಕ್ಕರೆ ಕಾಯಿಲೆಯ ಸುಳ್ಳಿಗೇ ಮರಳಿದಳು.

ನನ್ನ ಪಿಕಪ್ಪಿನಲ್ಲಿ ಇನ್ನೊಬ್ಬರಿಗಷ್ಟೇ ಜಾಗ. ಒಬ್ಬೊಬ್ಬರನ್ನೇ ಕರೆದೊಯ್ದೆ. ಮಾರ್ಲನ್‌ನ ಸರದಿ ಬಂದಾಗ, ನಮ್ಮ ವ್ಯಾನಿನಲ್ಲೇ ಬರುತ್ತಿದ್ದ ಒಬ್ಬ ಹುಡುಗಿಯ ಬಗ್ಗೆ, "ಆ ಹುಡುಗಿ ಬಸುರಿ, ಅವಳನ್ನ ಮೊದ್ಲು ಕರ್ಕೊಂಡ್ಹೋಗಿ. ನನ್ನ ಹತ್ರ ಮಾತ್ರೆ ಬೇಕಾದಷ್ಟಿದೆ" ಎಂದ. ತಾಯಿಗೂ ಹಾಗೆಯೇ ಹೇಳಿದ್ದ. ಮಾತ್ರೆ ಯಾವಾಗಲೋ ಮುಗಿದಿತ್ತು. ನೆರೆಯವರ ಕಾರು ಕೇಳಬಹುದಿತ್ತಲ್ಲ ಎನ್ನಬೇಡಿ. ಎಲ್ಲಿಗೆ ಎಂದು ಅವರು ಕೇಳಿದರೆ ಏನು ಹೇಳಬೇಕಿತ್ತು? ತಾವು ಅಳಿಸಲು ಹೇಳಿದ ಪದವನ್ನೇ? ಚಳಿಗಾಲದಲ್ಲಿ ನ್ಯುಮೋನಿಯಾ ಬಂತು. ಆಸ್ಪತ್ರೆಯಲ್ಲಿ ಅವನಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಆದರೂ ಆ ಹುಡುಗಿಯ ಮಗು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ, ಮಗುವಿಗೆ ಸೋಂಕಿಲ್ಲ ಎಂದೆ. ಅದೊಂದು ಸಂತೋಷದ ಸುದ್ದಿಯನ್ನಾದರೂ ಕೇಳಿಕೊಂಡು ಹೋದ.

ಅಂತ್ಯಕ್ರಿಯೆಯ ದಿನ ಅರ್ನೆಸ್ಟೀನ್ ಎಲ್ಲರ ಮುಂದೆ ನಿಂತು ಕಾಯಿಲೆಯ ಹೆಸರು ಹೇಳಿದಳು. ಯಾರೂ ಎದ್ದು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೇಕು, ಹಂದಿಮಾಂಸ, ಸೊಪ್ಪಿನ ಪಲ್ಯ ಎಂದು ಜನ ತಂದಿಟ್ಟದ್ದಕ್ಕೆ ಅವಳ ಅಡುಗೆಮನೆಯಲ್ಲಿ ಜಾಗ ಸಾಲಲಿಲ್ಲ. ಗ್ಯಾರೇಜಿನ ಮಾಲೀಕ ಟೋಪಿ ಕೈಯಲ್ಲಿ ಹಿಡಿದು ನನ್ನ ಬಳಿ ಬಂದ. "ಆ ವ್ಯಾನು ಇದಕ್ಕೆ ಓಡ್ತಿತ್ತು ಅಂತ ಗೊತ್ತಿದ್ರೆ ಗೇರ್‌ಬಾಕ್ಸ್ ನಾನೇ ಹಾಕ್ಕೊಡ್ತಿದ್ದೆ, ಮಿಸ್ ರೋಸೆಟ್ಟಾ. ನಂಗೊಂದು ಮಾತು ಯಾಕೆ ಹೇಳ್ಲಿಲ್ಲ?" ಎಂದ.

ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಈ ಜನ ಕೊಡಲಾರರೆಂದು ಅವರನ್ನು ಕೇಳುವ ಮೊದಲೇ ತೀರ್ಮಾನಿಸಿದವರು ತಾವು.

ಗ್ಯಾರೇಜಿನವನು ಗೇರ್‌ಬಾಕ್ಸ್ ಹಾಕಿಕೊಟ್ಟ, ವ್ಯಾನ್ ಈಗ ಓಡುತ್ತಿದೆ. ಆದರೆ ಅದಕ್ಕೆ ಪೆಟ್ರೋಲ್ ಬೇಕು, ಕೆಲಸ ಕಳೆದುಕೊಂಡವರ ಮನೆಗೆ ದಿನಸಿ ಬೇಕು. ಆದ್ದರಿಂದ ಬರುವ ಶನಿವಾರ ಚೌಕವನ್ನು ನಮಗೆ ಬಿಟ್ಟುಕೊಡಿ. ತಾವೇ ಮೈಕ್ ಹಿಡಿದು, ಎಚ್‌ಐವಿ ಇರುವ ನಮ್ಮ ಊರಿನವರಿಗಾಗಿ ಕೈಲಾದಷ್ಟು ಕೊಡಿ ಎಂದು ಆ ಪದವನ್ನು ನುಂಗಿಕೊಳ್ಳದೆ ಹೇಳಿ. ಅದನ್ನು ಕೇಳಿಸಿಕೊಂಡ ಯಾರೋ ಒಬ್ಬರು ಮನೆಗೆ ಹೋಗಿ, ಬಾಗಿಲು ಹಾಕಿಕೊಳ್ಳದೆ, ಮನೆಯವರ ಎದುರೇ ತಮ್ಮ ಮಾತ್ರೆ ತೆಗೆದುಕೊಂಡರೆ ನಮಗೆ ಅಷ್ಟು ಸಾಕು.

ಇಂತಿ,
ತಡವಾಗಿ ಹೊರಟ ವ್ಯಾನಿನ ಡ್ರೈವರ್,
ರೋಸೆಟ್ಟಾ ಮೇಬ್ರಿ