ಕೆಂಪರಾಜ್ ಬೆಟ್ಟ ಹತ್ತಲಿಲ್ಲ

17 ನವೆಂಬರ್ 2024, ಭಾನುವಾರ. ಹೊಸಕೋಟೆ.

ಗೆಳೆಯರು ದಾಳ ಹಾಕುತ್ತಾ ಕಥೆಯ ಪಾತ್ರಗಳಾಗಿ ಆಡಲೆಂದು ನಾನು ಬರೆದಿದ್ದ ಸಾಹಸದಾಟದ ಅರ್ಧ ಭಾಗ ಇವತ್ತು ಕೆಲಸಕ್ಕೆ ಬರಲಿಲ್ಲ. ಬೆಟ್ಟದ ಮೇಲೊಂದು ಗುಹೆ, ಅದಕ್ಕೆ ಮೂರು ದಾರಿ, ಒಂದೊಂದರಲ್ಲೂ ಬೇರೆ ಅಪಾಯ. ಆಡುವವರಿಗೆ ಆಯ್ಕೆ ಇರಲಿ ಎಂದು ತಿಂಗಳುಗಟ್ಟಲೆ ಕೂತು ಮಾಡಿದ್ದು. ಕಥೆಯಲ್ಲಿ ಮುದುಕ ರಾಜನಿಗೆ ಯಾರೋ ವಿಷ ಹಾಕಿದ್ದಾರೆ, ಬೆಳಗಾಗುವುದರೊಳಗೆ ಅವನು ಸಾಯುತ್ತಾನೆ. ಕೊಲೆಗಾರ ಗುಹೆಯಲ್ಲಿದ್ದಾನೆ. ಆಡಲು ಕೂತಿದ್ದ ಮೂವರಲ್ಲಿ ಉಮರ್, ದಿವ್ಯ ಕೂಡಲೇ ಗುಹೆಯತ್ತ ಹೊರಟರು.

ಕೆಂಪರಾಜ್ ದಾಳ ಮುಟ್ಟಲಿಲ್ಲ. ತನ್ನ ಅಪ್ಪ ತೀರಿಹೋದ ಮೇಲೆ ಅವನು ಆಟಕ್ಕೆ ಬಂದದ್ದು ಇದೇ ಮೊದಲು. ಅಪ್ಪ ಹೋದ ರಾತ್ರಿ ಅವನು ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಶಿಫ್ಟ್‌ನಲ್ಲಿದ್ದ.

"ನಾನು ಬೆಟ್ಟಕ್ಕೆ ಬರಲ್ಲ. ರಾಜನ ಹತ್ರ ಕೂತ್ಕೋತೀನಿ," ಎಂದ.

"ಅವನು ಉಳಿಯಲ್ಲ ಕಣೋ," ಎಂದೆ.

"ಗೊತ್ತು ಬಿಲಾಲ್. ಉಳಿಸು ಅಂತ ಕೇಳ್ತಿಲ್ಲ. ಕೂತ್ಕೋಬಹುದಾ, ಅಷ್ಟು ಹೇಳು."

ಕೂತ್ಕೋಬಹುದು ಎಂದೆ. ಅದಕ್ಕೆ ನಾನು ಏನೂ ಬರೆದಿರಲಿಲ್ಲ. ಹಾಳೆಗಳನ್ನು ಮಗುಚಿಟ್ಟು ರಾಜನ ದನಿಯಲ್ಲಿ ಮಾತಾಡಿದೆ. ಕೆಂಪರಾಜ್ ರಾಜನಿಗೆ ನೀರು ಕುಡಿಸಿದ, ಕಾಲು ಒತ್ತಿದ, ಚಳಿ ಆಗ್ತಿದೆಯಾ ಪ್ರಭುಗಳೇ ಎಂದು ಕೇಳಿದ. ಸ್ವಲ್ಪ ಹೊತ್ತಾದ ಮೇಲೆ ದಿವ್ಯ, "ನಾವೂ ವಾಪಸ್ ಬರ್ತೀವಿ," ಎಂದಳು. ಉಮರ್ ತಲೆಯಾಡಿಸಿದ. ಕೊಲೆಗಾರ ತಪ್ಪಿಸಿಕೊಂಡ.

ರಾಜ ಯಾವಾಗ ಸಾಯಬೇಕೆಂದು ನಾನು ತೀರ್ಮಾನ ಮಾಡಲಿಲ್ಲ. ಅಲ್ಲಿಯವರೆಗೂ ಪ್ರಭುಗಳೇ ಎನ್ನುತ್ತಿದ್ದ ಕೆಂಪರಾಜ್ ಕೊನೆಗೆ, "ಸಾಕು, ಮಲ್ಕೋಪ್ಪಾ ಈಗ," ಎಂದ. ಆಗ ರಾಜನ ಉಸಿರು ನಿಂತಿತು ಎಂದೆ.

ಮುಂದಿನ ವಾರ ಕಥೆ ಎಲ್ಲಿಂದ ಶುರುಮಾಡಬೇಕೋ ಗೊತ್ತಿಲ್ಲ. ಕೆಂಪರಾಜ್‌ನನ್ನೇ ಕೇಳಬೇಕು.