ವಿಮಾನದ ಮುಂದೆ ಚಾಟಿ

೩ ಫೆಬ್ರವರಿ ೧೯೧೯, ಸೋಮವಾರ

ಇವತ್ತೂ ಮೈದಾನದ ಡ್ಯೂಟಿ. ಯುದ್ಧದಲ್ಲಿ ಬಾಂಬು ಹಾಕಿ ಬಂದ ಎರಡು ಏರೋಪ್ಲೇನು ಬಾಗಲಕೋಟೆಗೆ ಬಂದು ಕೂತಿವೆ, ಪ್ರದರ್ಶನಕ್ಕೆ. ಒಂದರ ರೆಕ್ಕೆಯಲ್ಲಿ ಗುಂಡಿನ ತೂತು, ತೇಪೆ ಹಾಕಿದ್ದಾರೆ. ಇಲಕಲ್ಲು, ಬಾದಾಮಿಯಿಂದ ಗಾಡಿ ಕಟ್ಟಿಕೊಂಡು ಜನ. ಒಬ್ಬ ಮುದುಕಿ ತೆಂಗಿನಕಾಯಿ ತಂದಿದ್ದಳು.

"ಯವ್ವಾ, ಇದು ಮಂದಿ ಕೊಲ್ಲೂದು, ದೇವರಲ್ಲ," ಅಂದೆ.

"ಕೊಲ್ಲೂ ದೇವರಿಗೇ ಮೊದಲ ಕಾಯಿ ಒಡೀಬೇಕಪಾ."

ಸಿಪಾಯಿಗಿರಿಯಲ್ಲಿ ಇಂಥ ಬುದ್ಧಿ ಯಾರೂ ಹೇಳಿಕೊಡಲಿಲ್ಲ.

೫ ಫೆಬ್ರವರಿ, ಸಂಜೆ

ಹಾಳಾಯಿತು. ಮೋಜು ತೋರಿಸಲು ಒಂದು ಪ್ಲೇನು ಹುನಗುಂದ ರಸ್ತೆಯ ಮೇಲೆ ತೀರ ಕೆಳಗೆ ಹಾರಿತು. ಕುರಿ ಹಿಂಡು ಬೆದರಿ ಬಾವಿಗೆ ಬಿತ್ತು, ಒಂದರ ಮೇಲೊಂದು. ಬಾವಿ ತುಂಬ ಉಣ್ಣೆ, ರಕ್ತ. ಪ್ಲೇನು ಮತ್ತೆ ತಿರುಗಿ ಬಂದಾಗ ಕೆಳಗಿನಿಂದ ಕವಣೆಯ ಕಲ್ಲು ಬಂದು ಬಡಿಯಿತು. ಹಾರಿಸುವ ಸಾಹೇಬ ಹೇಗೋ ಇಳಿಸಿದ. ಎಡಗಣ್ಣು ಕೆನ್ನೆಯ ಮೇಲಿತ್ತು.

ಹಿಂಡು ಕುರುಬರ ಮಾಳಪ್ಪನದು. ಕವಣೆ ಯಾರದೆಂದು ನನಗೆ ಕೇಳಬೇಕಾಗಿಲ್ಲ. ನನ್ನನ್ನು ಹೆತ್ತು ಅಮ್ಮಾ ಸತ್ತಾಗ ಅವನ ತಾಯಿ ಬೋರವ್ವ ಇಬ್ಬರಿಗೂ ಹಾಲು ಕುಡಿಸಿದಳು. ಬಾಯಿ ಮುಚ್ಚಿಕೊಂಡಿದ್ದೇನೆ.

೬ ಫೆಬ್ರವರಿ

ಫೌಜದಾರ ಶಾಣ್ಯಾ. ಬೈಯಲಿಲ್ಲ, ಬಡಿಯಲಿಲ್ಲ. ಬೀರಪ್ಪನ ಗುಡಿಯಿಂದ ಭಂಡಾರ ತರಿಸಿ, ಕುರುಬರನ್ನು ಸಾಲಾಗಿ ನಿಲ್ಲಿಸಿ, ಅಂಗೈಗೆ ಹಾಕಿದ. ಆ ಅರಿಷಿಣ ಹಿಡಿದು ಅವರು ಸುಳ್ಳು ಹೇಳುವುದಿಲ್ಲ. ಮಾಳಪ್ಪನ ಸರದಿ ಬಂತು.

"ಕವಣಿ ಬೀಸಿದಾಂವ ನಾನ ರೀ. ರೆಕ್ಕಿಗೆ ಹೊಡದಿದ್ದೆ, ಕಣ್ಣಿಗಲ್ಲ."

"ನಾಳೆ ವಿಮಾನದ ಮುಂದ ಇಪ್ಪತ್ತು ಚಾಟಿ. ಮಂದಿ ನೋಡ್ಲಿ," ಅಂದ ಫೌಜದಾರ.

ನಮ್ಮ ಸಿಪಾಯಿ ಹುಲ್ಲಪ್ಪ ಹೊಡೆದರೆ ಬೆನ್ನು ಉಳಿಯದು. ನಾ ಹೊಡೀತೇನ್ರಿ ಅಂದೆ. ಮೆಲ್ಲಗೆ ಹೊಡೆಯುವ ಹಂಚಿಕೆ...

೭ ಫೆಬ್ರವರಿ

ಮಾಳಪ್ಪನನ್ನು ಪ್ಲೇನಿನ ಗಾಲಿಗೆ ಕಟ್ಟಿದರು. ಮೆಲ್ಲಗೆ ಹೊಡೆದೆ. ಮಾಳಪ್ಪ ಜಾಣ, ಸತ್ತೆನೆಂದು ಒದರಿದ. ಫೌಜದಾರ ಬಂದು ಬೆನ್ನು ಮುಟ್ಟಿ ನೋಡಿದ.

"ಇವು ಲೆಕ್ಕಕ್ಕಿಲ್ಲ. ಒಂದರಿಂದ ಸುರು ಮಾಡು, ಇಮಾಮಸಾಬ."

ಮತ್ತೆ ಒಂದರಿಂದ. ಮತ್ತೆ. ಮತ್ತೆ. ತೊಗಲು ಚಾಟಿಗೆ ಅಂಟಿ ಬರುತ್ತಿತ್ತು. ಈಗ ಅವನು ಒದರಲಿಲ್ಲ.

"ಇಮಾಮಾ, ಜೋರ ಹೊಡಿಯೋ. ಮುಗಸು."

ಹೊಡೆದೆ. ಎಲುಬು ಬೆಳ್ಳಗೆ ಕಂಡಿತು. ಹುಲ್ಲಪ್ಪನಿಗೆ ಬಿಟ್ಟಿದ್ದರೆ ಇಪ್ಪತ್ತಕ್ಕೇ ಮುಗಿಯುತ್ತಿತ್ತು. ನನ್ನ ಕರುಣೆಗೆ ಬೆಂಕಿ ಬೀಳಲಿ. ಆಮೇಲೆ ಇನ್ನೊಂದು ಪ್ಲೇನು ಹಾರಿತು. ಜನ ಚಪ್ಪಾಳೆ ತಟ್ಟಿದರು.

೧೧ ಫೆಬ್ರವರಿ

ಬೋರವ್ವ ಬಾಗಿಲಿಗೆ ಬಂದಿದ್ದಾಳೆ. ಮಾಳಪ್ಪನ ಬೆನ್ನು ಕೊಳೆತಿದೆ, ಮೈ ಕೆಂಡ.

"ಯಾರ ಹೊಡದ್ರಲೇ ಅಂದ್ರ ಮಾರಿ ನೋಡಲಿಲ್ಲ ಅಂತಾನ. ಊರ ಮಂದೀನೂ ಬಾಯಿ ಬಿಡವಲ್ರು. ನಿನ್ನ ಒಂದ ಸವನ ಕರಿಯಾಕತ್ತಾನ. ಬಾ ಮಗನ, ಬೆನ್ನಿಗೆ ನೀನ ಎಣ್ಣಿ ಹಚ್ಚು. ನನ್ನ ಕೈ ಏಳವಲ್ದು."

ಬಂದೆ ಯವ್ವಾ ಅಂದೆ. ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ. ದಾರಿಯಲ್ಲೇ ಹೇಳಿಬಿಡಬೇಕು. ಹೇಳಿದ ಮೇಲೆ ಆ ಬೆನ್ನು ಮುಟ್ಟಲು ನನ್ನನ್ನು ಅವಳು—