ಬಿಳಿ ಪಾರಿವಾಳ ಯಾರ ಮಾಳಿಗೆಗೆ

ಲೇಡೀಸ್ ಹಾಸ್ಟೆಲ್, ಯಾದಗಿರಿ
ಸೋಮವಾರ ಸಂಜೆ

ಪ್ರೀತಿಯ ಅಮ್ಮೀ, ಸಲಾಂ.

ಫೋನ್ ಬಿಟ್ಟು ಪತ್ರ ಬರೆದಳೆಂದು ಗಾಬರಿಯಾಗಬೇಡ. ಜ್ವರವಿಲ್ಲ, ಫೇಲೂ ಆಗಿಲ್ಲ. ಫೋನ್ ಮಾಡಿದರೆ ಅಬ್ಬಾ ಸ್ಪೀಕರ್ ಹಾಕುತ್ತಾರೆ, ಅದಕ್ಕೆ. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಾಳೆ ಸುರಪುರಕ್ಕೆ ಬರುವ ನನ್ನ ರೂಮ್‌ಮೇಟ್ ಸಬಾ ಇದನ್ನು ನಿನ್ನ ಕೈಗೇ ಕೊಡುತ್ತಾಳೆ.

ಪರಮಣ್ಣ ಕಾಕಾರ ಬಿಳಿ ಪಾರಿವಾಳವನ್ನು ಬೆಕ್ಕು ಒಯ್ದಿತು ಎಂದು ನಿನ್ನೆ ರಾತ್ರಿ ಅಬ್ಬಾ ಫೋನಿನಲ್ಲಿ ಹೇಳಿದಾಗ ನಾನು ಹ್ಞೂಂ ಎಂದೆ. ಬೆಕ್ಕು ಒಯ್ದಿಲ್ಲ, ಅಮ್ಮೀ. ನಾನು ಒಯ್ದೆ.

ಹೋದ ತಿಂಗಳು ಅದು ದಾರಿ ತಪ್ಪಿ ನಮ್ಮ ಮಾಳಿಗೆಗೆ ಇಳಿಯಿತು. ಅಬ್ಬಾ ಹಿಡಿದು, ಹಾರದಂತೆ ರೆಕ್ಕೆಗೆ ದಾರ ಕಟ್ಟಿ, ತಮ್ಮ ಮುದ್ದಿನ ಕೆಂಪು ಗಂಡಿಗೆ ಜೋಡಿ ಮಾಡಿದರು. ಇಳಿದ ಹಕ್ಕಿ ಹಿಡಿದವನದು, ಪಾರಿವಾಳ ಸಾಕುವವರ ಕಾನೂನೇ ಅದು ಎಂದು ನೀನೂ ಹೇಳಿದೆ. ಆದರೆ ನಳದ ಹತ್ತಿರ ಅಮೃತಮ್ಮ ಕಾಕು ಸಿಕ್ಕಿದ್ದರು. "ಅದರ ತಾಯಿ ಸತ್ತಾಗ ಜ್ವಾಳ ಅಗದು ತಿನಿಸಿ ಬೆಳಸೇನವ್ವ. ರೊಟ್ಟಿ ಬಡಿಯಾಕ ಕುಂತ್ರ ಹೆಗಲ ಮ್ಯಾಲ ಬಂದು ಕುಂದರ್ತಿತ್ತು. ಈಗ ಹಿಟ್ಟಿಗಿ ಕೈ ಹಾಕಿದ್ರ ಹೆಗಲ ಬರೇದು ಅನಸ್ತದ," ಎಂದರು. ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ.

ಲಾಸ್ಟ್ ಆಂಡ್ ಫೌಂಡ್ ಅಂದರೆ ವಾಪಸ್ ಕೊಟ್ಟರೆ ಮುಗಿಯಿತು, ಇಷ್ಟೇ ನನ್ನ ಲಾಜಿಕ್. ನಿನ್ನೆ ಅಬ್ಬಾ ನನ್ನ ಟ್ರಂಕ್ ಹೊತ್ತು ಬಸ್ ಸ್ಟ್ಯಾಂಡಿಗೆ ಮುಂದೆ ಹೋದಾಗ, ಹಕ್ಕಿಯನ್ನು ಬಟ್ಟೆ ಚೀಲದಲ್ಲಿಟ್ಟು ಕಾಕಾರ ಬಾಗಿಲಿಗೆ ಹೋದೆ. ಕಾಕಾ ಮುಟ್ಟಲೂ ಇಲ್ಲ.

"ಹಿಡದವರ ಮನಿಯಿಂದ ಕೈಯಾಗ ಇಸ್ಕೊಂಡ್ರ ನಾಳಿ ಮಾಳಗಿ ಮ್ಯಾಲ ನಿಂತು ಹಕ್ಕಿಗಿ ಸೀಟಿ ಹೊಡ್ಯಾಕ ನನಗ ಮಾರಿ ಎಲ್ಲದವ್ವ? ತಾನಾಗಿ ಹಾರಿ ಬಂದ್ರ ನಮ್ಮದು. ಇಲ್ಲಂದ್ರ ನಿಮ್ಮಪ್ಪ ಚಾಂದಪಾಶಾಂದು," ಎಂದರು.

ಒಳಗಿನಿಂದ ಕಾಕು, "ಹಂಗಾದ್ರ ಸಂಜಿಗಿ ರೊಟ್ಟಿನೂ ತಾವಾಗೇ ಹಾರಿ ನಿಮ್ಮ ತಾಟಿಗಿ ಬರ್ಲಿ," ಎಂದರು.

ಇಲ್ಲೇ ದಾರ ಬಿಚ್ಚಿ ಬಿಡಲೇ ಎಂದು ಕೇಳಿದೆ. ಅದೂ ಕೈಯಲ್ಲಿ ಕೊಟ್ಟಂತೆಯೇ ಅಂತೆ. ಅಷ್ಟರಲ್ಲಿ ಬಸ್ ಬಂತೆಂದು ಅಬ್ಬಾರ ಫೋನು. ಗೂಡಿಗೆ ಮರಳಿ ಇಡಲು ಟೈಮ್ ಇರಲಿಲ್ಲ.

ಬಸ್ ಹೊರಡುವವರೆಗೂ ಅಬ್ಬಾ ಒಳಗೆ ನನ್ನ ಪಕ್ಕದಲ್ಲೇ ಕುಳಿತು ಓದಿನ ಬಗ್ಗೆ ಬುದ್ಧಿ ಹೇಳುತ್ತಿದ್ದರು. ನನ್ನ ತೊಡೆಯ ಮೇಲಿನ ಚೀಲ ಗುಟುರ್ ಎಂದಿತು. ಕೆಮ್ಮಿದೆ. ಮತ್ತೆ ಗುಟುರ್, ಮತ್ತೆ ಕೆಮ್ಮು. ಹಿಂದಿನ ಸೀಟಿನ ಮುದುಕರೊಬ್ಬರು, "ಹುಡುಗಿಗಿ ಎದಿಯಾಗ ಕಫ ಕಟ್ಟ್ಯಾದ, ನೋಡ್ರಿ," ಎಂದರು. ಅಬ್ಬಾ ಇಳಿದು ಓಡಿಹೋಗಿ ಶುಂಠಿ ಪೆಪ್ಪರಮೆಂಟು ತಂದುಕೊಟ್ಟರು. ಅದನ್ನು ಬಾಯಲ್ಲಿಟ್ಟುಕೊಂಡು ಅವರ ಮುಖ ನೋಡಲು ನನಗಾಗಲಿಲ್ಲ.

ಶಹಾಪುರದಲ್ಲಿ ಬಸ್ ನಿಂತಾಗ ಸ್ಟ್ಯಾಂಡಿನ ಹಿಂದೆ ಹೋಗಿ, ನೇಲ್ ಕಟರಿನಿಂದ ದಾರ ಕತ್ತರಿಸಿದೆ. ಹಾರುವುದೇ ಮರೆತಂತೆ ಸ್ವಲ್ಪ ನಡೆಯಿತು. ಆಮೇಲೆ ಮೇಲೆದ್ದು ಸುತ್ತು ಹಾಕಿತು. ಡ್ರೈವರ್ ಹಾರ್ನ್ ಹೊಡೆದರು. ಯಾವ ದಿಕ್ಕಿಗೆ ಹೋಯಿತೋ ನೋಡಲೇ ಇಲ್ಲ.

ಈಗ ಒಂದೇ ಟೆನ್ಷನ್. ಜೋಡಿಯಾದ ಹಕ್ಕಿ ಜೋಡಿಯ ಹತ್ತಿರವೇ ಬರುತ್ತದೆ ಎನ್ನುತ್ತಾರೆ ಅಬ್ಬಾ. ಹಾಗೆ ನಮ್ಮ ಮಾಳಿಗೆಗೇ ಬಂದರೆ ಮತ್ತೆ ದಾರ. ಬರದೇ ಹೋದರೆ ಗಿಡುಗವೋ, ಕರೆಂಟಿನ ತಂತಿಯೋ. ಯಾವುದು ಆಗಲಿ ಎಂದು ದುವಾ ಮಾಡಲಿ? ಇವತ್ತು ಲ್ಯಾಬಿನಲ್ಲಿ ಎರಡು ಟೆಸ್ಟ್ ಟ್ಯೂಬ್ ಒಡೆದೆ. ಮೆಣಸಿನಕಾಯಿ ಒಣಗಿಸುವ ನೆಪದಲ್ಲಿ ನೀನೇ ಮೇಲೆ ಹೋಗಿ ನೋಡು. ಕಂಡರೆ, ಅಬ್ಬಾ ಬರುವ ಮೊದಲು ಹಾರಿಸಿಬಿಡು. ನನ್ನ ಮೇಲೆ ಸಿಟ್ಟಿದ್ದರೆ ಮನೆಗೆ ಬಂದಾಗ ಬೈ, ಫೋನಿನಲ್ಲಿ ಮಾತ್ರ ಬೇಡ.

ಇಲ್ಲಿ ಕುಳಿತೇ ಆಕಾಶ ನೋಡುತ್ತಿರುವ
ನಿನ್ನ ಫರ್ಹತ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಕಾಕು ಫೋನ್ ಮಾಡಿದರು. ಬಿಳಿಯದು ಮಧ್ಯಾಹ್ನ ಬಂದಿದೆ, ಅವರ ಮಾಳಿಗೆಗೇ. "ಮೊದ್ಲ ನಿಮ್ಮ ಮಾಳಗಿ ಮ್ಯಾಲ ಇಳದು, ಆ ಕೆಂಪು ಗಂಡನ್ನೂ ಎಬ್ಬಿಸಿ ಕರಕೊಂಡು ಬಂದಾಳ," ಎಂದು ನಗುತ್ತಿದ್ದರು. ಕಾಕಾ ಆಗಲೇ ಕೆಂಪಿನ ರೆಕ್ಕೆಗೆ ದಾರ ಕಟ್ಟಿದ್ದಾರಂತೆ. ಕಾನೂನು ಕಾನೂನೇ ಅಂತೆ. "ನಿಮ್ಮಪ್ಪಗ ಹೇಳು, ಹಕ್ಕಿ ಕೇಳಾಕ ಬರೋದು ಬ್ಯಾಡ. ಚಾ ಕುಡ್ಯಾಕ ಬರ್ಲಿ. ಉಳಿದದ್ದು ನಾ ನೋಡ್ಕೋತೀನಿ," ಎಂದರು ಕಾಕು. ಈ ಮಾತು ಅಬ್ಬಾಗೆ ನೀನೇ ಮುಟ್ಟಿಸು, ಅಮ್ಮೀ. ಊಟವಾದ ಮೇಲೆ ಹೇಳು.